ಗುಂಡಿ ನೆಟ್ಟ ತಂಗಿ

“ಅಣ್ಣಾ, ನಿಂಗೆ ತಂಗಿನೇ ಇಲ್ವಲ್ಲ!”

ಮಹಡಿ ಮನೆಯ ಅಣ್ಣ ಬೆಚ್ಚಿಬಿದ್ದು ಲ್ಯಾಪ್‌ಟಾಪ್ ಮುಚ್ಚಲು ಹೋದ. ತಡವಾಗಿತ್ತು. ಅಮ್ಮನ ಕತ್ತರಿ ವಾಪಸ್ ಕೇಳಲು ಬಂದಿದ್ದ ರೇಡಿಯೋ ಅಷ್ಟರಲ್ಲಿ ಎರಡು ಸಾಲು ಓದಿಬಿಟ್ಟಿದ್ದಳು. ಅವಳ ನಿಜವಾದ ಹೆಸರು ಬೇರೆ. ಆದರೆ ಐದನೇ ಕ್ಲಾಸಿನ ಈ ಹುಡುಗಿ ಬಾಯಿ ಮುಚ್ಚಿದ್ದನ್ನು ಬಿಲ್ಡಿಂಗಿನಲ್ಲಿ ಯಾರೂ ನೋಡಿರಲಿಲ್ಲ, ಅದಕ್ಕೇ ರೇಡಿಯೋ.

ಪರದೆಯ ಮೇಲೆ ಹೀಗಿತ್ತು: ‘ನನ್ನ ತಂಗಿ ಮೂರು ವರ್ಷದವಳಿದ್ದಾಗ ಕುಂಡದಲ್ಲಿ ಗುಂಡಿ ತೋಡಿ, ಒಂದು ಅಂಗಿ ಗುಂಡಿ ನೆಟ್ಟಳು. ಶರ್ಟು ಬೆಳೆಯುತ್ತದೆಂದು ದಿನಾ ನೀರು ಹಾಕಿದಳು.’

“ಆ ತಂಗಿ ನಾನು! ಇದು ನಮ್ಮಕ್ಕ ಕಾಲೇಜ್ ಸೀಟಿಗೆ ಅಂತ ಬರೆದ ಪ್ರಬಂಧ!”

“ಮತ್ತೆ ಮೆಟ್ಟಿಲ ಮೇಲೆ ನಿಂತು ನಂಗೆ ಪೂರ್ತಿ ಓದಿ ಹೇಳಿದ್ದು ಯಾರಮ್ಮಾ?”

ರೇಡಿಯೋ ಸ್ಟೇಷನ್ ಬಂದ್ ಆಯಿತು. ‘ಯಾರಿಗೂ ತೋರಿಸ್ಬೇಡ’ ಎಂದು ಅಕ್ಕ ಹೇಳಿಯೇ ಅದನ್ನು ಓದಲು ಕೊಟ್ಟಿದ್ದಳು. ಆದರೆ ತನ್ನದೇ ಕತೆಯನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವುದು ಹೇಗೆ?

“ಅಕ್ಕ ಬೆಳಿಗ್ಗೇನೇ ಕಳಿಸಿದಾಳೆ. ಅದೇ ಕಾಲೇಜಿಗೆ. ಒಂದೇ ಥರ ಎರಡು ಬಂದ್ರೆ ಎರಡೂ ರಿಜೆಕ್ಟ್ ಅಂತೆ!”

ಅಣ್ಣನ ಮುಖ ಇಳಿದುಹೋಯಿತು. “ಐದು ಗಂಟೆಗೆ ಲಾಸ್ಟ್ ಟೈಮು ಕಣೇ. ನಿಮ್ಮಮ್ಮ ಟೈಲರ್. ನಿಮ್ಮನೇಲಿ ಗುಂಡಿ, ದಾರ, ಕತೆ ಎಲ್ಲಾ ಇದೆ. ನಮ್ಮಪ್ಪ ಬಸ್ ಓಡಿಸ್ತಾರೆ, ಅಷ್ಟೆ. ಏನು ಬರೀಲಿ, ನನ್ನ ತಲೆ?”

“ನೀನು ಆ ಬಸ್ಸಲ್ಲಿ ಹೋಗ್ತಿರ್ಲಿಲ್ವಾ?”

“ಹೋಗ್ತಿದ್ದೆ. ರೋಡಲ್ಲಿ ಎಲ್ರೂ ಅಪ್ಪಂಗೆ ಕೈ ತೋರಿಸ್ತಿದ್ರು. ಊರೆಲ್ಲಾ ಅಪ್ಪನ ಫ್ರೆಂಡ್ಸು ಅಂದ್ಕೊಂಡು ನಾನೂ ಕಿಟಕೀಲಿ ಟಾಟಾ ಮಾಡ್ತಿದ್ದೆ. ಅವ್ರು ಬಸ್ ನಿಲ್ಸೋಕೆ ಕೈ ಅಡ್ಡ ಹಾಕ್ತಿದ್ರು ಅಂತ ಗೊತ್ತಾಗಿದ್ದೇ ಎರಡನೇ ಕ್ಲಾಸಲ್ಲಿ.”

ರೇಡಿಯೋ ಕಿಸಕ್ಕನೆ ನಕ್ಕಳು. ಅಣ್ಣ ನಗಲಿಲ್ಲ. ಒಂದು ಗಳಿಗೆ ಅವಳನ್ನೇ ನೋಡಿದ. ಆಮೇಲೆ ಇದ್ದದ್ದನ್ನೆಲ್ಲ ಅಳಿಸಿ ಟಕಟಕ ಟೈಪ್ ಮಾಡತೊಡಗಿದ.

ನಾಲ್ಕೂ ಮುಕ್ಕಾಲಿಗೆ “ಹೋಯ್ತು!” ಎಂದ. ಇಬ್ಬರೂ ಉಸಿರು ಬಿಟ್ಟರು.

ಕತ್ತರಿ ಹಿಡಿದು ಕೆಳಗೆ ಬಂದು ರೇಡಿಯೋ ಅಕ್ಕನ ಮುಂದೆ ತನ್ನ ತಪ್ಪನ್ನು ಒಪ್ಪಿಕೊಂಡಳು. ಅಕ್ಕ ಕಿವಿ ಹಿಂಡಿದಳು, ಚೆನ್ನಾಗೇ ಹಿಂಡಿದಳು.

“ಬಿಡೇ, ಕಿವಿ ಕೈಗೆ ಬಂದೀತು,” ಎಂದು ಅಮ್ಮ ಹೊಲಿಗೆ ಮಷೀನ್ ಹಿಂದಿನಿಂದ ಕೂಗಿದಳು.

“ಅದ್ಸರಿ,” ಅಕ್ಕ ಪಕ್ಕಕ್ಕೆ ಸರಿದು ಕೂತಳು. “ಅವನು ಕೊನೆಗೆ ಏನು ಬರೆದ?”

ರೇಡಿಯೋ ಬಾಯಿ ತೆರೆದಳು. ಮಾತು ನಾಲಿಗೆ ತುದಿಗೇ ಬಂದಿತ್ತು. ಬಸ್ಸಿನ ಕಿಟಕಿಯಲ್ಲಿ ಊರಿಗೆಲ್ಲಾ ಟಾಟಾ ಮಾಡುವ ಪುಟ್ಟ ಹುಡುಗ ಕಣ್ಣ ಮುಂದೆ ಬಂದ.

“ಅವನ್ನೇ ಕೇಳು.”

“ಅಮ್ಮಾ, ರೇಡಿಯೋ ಕೆಟ್ಟೋಗಿದೆ!”

ರೇಡಿಯೋ ತುಟಿ ಬಿಗಿಹಿಡಿದು ಹೊಲಿಗೆ ಡಬ್ಬಿ ಎಳೆದುಕೊಂಡಳು. ಅಮ್ಮನಿಗೆ ಬೇಕಾದ ಬಿಳಿ ಗುಂಡಿಗಳನ್ನು ಒಂದೊಂದಾಗಿ ಆರಿಸತೊಡಗಿದಳು.