ಹೆಜ್ಜೆ ಓದುವ ಮನೆ

ಬೆಳಗಿನ ಪಾಳಿ ಮುಗಿಸಿ ಬಂದ ಕಸ್ತೂರಿ ಊಟಕ್ಕೆ ಕುಳಿತಿದ್ದಳು. ಅಡುಗೆಮನೆಯ ಬೆಳಕು ಮೆಲ್ಲಗೆ ಹಳದಿಗೆ ತಿರುಗಿತು. ಕಿಟಕಿಯ ಗಾಜುಗಳು ಮಸುಕಾದವು. ಬಾಗಿಲಿನೊಳಗೆ ಅಗಳಿಗಳು ಸರಿದು ಕೂತ ಸಣ್ಣ ಸದ್ದು ಕೇಳಿಸಿತು. ಹಳೆಯ ಗಂಡ ಶಿವಪುತ್ರ ಅಂಗಳಕ್ಕೆ ಬಂದಿದ್ದಾನೆಂದು ಅವಳಿಗೆ ತಿಳಿದದ್ದು ಹೀಗೆ.

ಅವನು ಬೇರೆ ಯಾರದೋ ಬೂಟು ಮೆಟ್ಟಿದ್ದ. ತಲೆಗೆ ಹೆಲ್ಮೆಟ್, ಕೈಯಲ್ಲೊಂದು ಪಾರ್ಸಲ್ ಡಬ್ಬಿ. ಮನೆ ಮೋಸಹೋಗಲಿಲ್ಲ. ಅವನು ಮೆಟ್ಟಿಲು ತಲುಪುವ ಮೊದಲೇ ಠಾಣೆಗೆ ಸುದ್ದಿ ಮುಟ್ಟಿತ್ತು. ಪೊಲೀಸರು ಅವನನ್ನು ಜೀಪು ಹತ್ತಿಸುವಾಗ ಅವಳ ತಟ್ಟೆಯ ಸಾರು ಇನ್ನೂ ಬೆಚ್ಚಗಿತ್ತು.

ಗದಗದ ಹೊರವಲಯದಲ್ಲಿ, ಗಾಳಿಯಂತ್ರಗಳು ತಿರುಗುವ ಗುಡ್ಡದ ಕೆಳಗೆ ಕಟ್ಟಿದ್ದ ಆ ಮನೆಗೆ ವಿಜ್ಞಾನಿ ಡಾ. ಫರೀದಾ ನದಾಫ್ 'ಸ್ಪಂದನೆಲ' ಹಾಸಿದ್ದರು. ಅಂಗಳದ ಕಲ್ಲುಹಾಸಿನಿಂದ ಮಲಗುವ ಕೋಣೆಯವರೆಗೆ, ನೆಲದಡಿ ಕೂದಲಿಗಿಂತ ತೆಳುವಾದ ಗಾಜಿನ ಎಳೆಗಳ ಜಾಲವಿತ್ತು. ಮೇಲೆ ಕಾಲಿಟ್ಟರೆ ಎಳೆ ಬಾಗುತ್ತದೆ, ಅದರೊಳಗೆ ಹರಿಯುವ ಬೆಳಕು ತುಸುವೇ ಕದಲುತ್ತದೆ. ಆ ಕದಲಿಕೆಯಿಂದ ಮನೆ ನಡಿಗೆಯನ್ನು ಓದುತ್ತಿತ್ತು. ಶಿವಪುತ್ರ ಅವಳ ಬಳಿ ಸುಳಿಯಬಾರದೆಂದಿದ್ದ ನ್ಯಾಯಾಲಯದ ಅಪ್ಪಣೆಯ ಮೇರೆಗೆ ಅವನ ನಡಿಗೆಯನ್ನು ಮೊದಲೇ ಅದಕ್ಕೆ ಕಲಿಸಲಾಗಿತ್ತು.

"ಮುಖ ಮುಚ್ಚಬಹುದು, ದನಿ ಬದಲಿಸಬಹುದು. ಆದ್ರ ಮೈಭಾರ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ದಾಟೋ ರೀತಿ ಐತಲ್ಲಾ, ಅದನ್ನ ಬದಲಿಸಲಿಕ್ಕೆ ಆಗೂದಿಲ್ಲ" ಎಂದಿದ್ದರು ಡಾಕ್ಟರು.

ಮನೆಗೆ ಬಂದ ದಿನ ಕಸ್ತೂರಿ ಕೇಳಿದ್ದು ಒಂದೇ ಮಾತು. "ಇದರ ಪಾಸ್‌ವರ್ಡ್ ಯಾರ ಕಡೆ ಇರತೈತ್ರಿ ಡಾಕ್ಟ್ರ?"

ಕೇಳಲು ಕಾರಣವಿತ್ತು. ಶಿವಪುತ್ರನ ಮನೆಯೂ ಜಾಣಮನೆಯೇ ಆಗಿತ್ತು, ಆದರೆ ಅದು ಅವನ ಫೋನಿನ ಮಾತು ಕೇಳುತ್ತಿತ್ತು. ಎಲ್ಲೋ ಅಂಗಡಿಯಲ್ಲಿ ಕೂತು ಅವನು ಅವಳ ಕೋಣೆಯ ದೀಪ ಆರಿಸುತ್ತಿದ್ದ. ಅವಳು ಒಳಗಿನಿಂದ ಹಾಕಿಕೊಂಡ ಬಾಗಿಲನ್ನು ದೂರದಿಂದಲೇ ತೆರೆಯುತ್ತಿದ್ದ. ಗೋಡೆಯಿಂದ ಅವನ ದನಿ ಬರುತ್ತಿತ್ತು.

"ಯಾರ ಕಡೇನೂ ಇಲ್ಲ, ನನ್ನ ಕಡೇನೂ ಇಲ್ಲ" ಎಂದರು ಡಾಕ್ಟರು. "ಇದು ಹೇಳಿದ್ದು ಕೇಳೋ ಮನಿ ಅಲ್ಲ ಕಸ್ತೂರಿ, ನೋಡಿ ಕಲಿಯೋ ಮನಿ. ನೀವೇ ಹೊಸ್ತಿಲ ಮ್ಯಾಲೆ ನಿಂತು ಒಪ್ಪಿದ್ರ ಮಾತ್ರ ಇದರ ನೆನಪನ್ನ ನಾ ಓದಬಹುದು."

ಪಾರ್ಸಲ್ ಡಬ್ಬಿ ಹಿಡಿದು ಬಂದು ಸಿಕ್ಕಿಬಿದ್ದ ಮೇಲೆ ಶಿವಪುತ್ರ ಆ ಕಡೆ ಸುಳಿಯಲಿಲ್ಲ. ಕಸ್ತೂರಿ ನಗರಸಾರಿಗೆಯ ಬಸ್ಸು ಓಡಿಸುತ್ತ, ಸಂಜೆ ಹಾಡು ಗುನುಗುತ್ತ ಅಂಗಳ ಗುಡಿಸುತ್ತ, ಹೆದರಿಕೆಯನ್ನು ಹೆಚ್ಚುಕಡಿಮೆ ಮರೆತಳು.

ಒಂದು ಮಧ್ಯಾಹ್ನ ಅಂಗಳದಲ್ಲಿ ಯಾರೋ ನಡೆದು ಬಂದಂತಾಯಿತು. ಬೆಳಕು ಹಳದಿಯಾಗಲಿಲ್ಲ. ಕಸ್ತೂರಿ ನೋಡನೋಡುತ್ತಿದ್ದಂತೆ ಅಗಳಿಗಳು ತಾವಾಗಿ ಹಿಂದೆ ಸರಿದವು, ಬಾಗಿಲು ಪೂರ್ತಿ ತೆರೆದುಕೊಂಡಿತು. ಅವಳ ಹೊರತು ಇನ್ನಾರಿಗೂ ಹಾಗೆ ತೆರೆಯದ ಬಾಗಿಲು.

ಹೊಸ್ತಿಲಾಚೆ ಗುರುತಿಲ್ಲದ ಹುಡುಗಿಯೊಬ್ಬಳು ಫೋನ್ ಹಿಡಿದು ನಿಂತಿದ್ದಳು. ಫೋನಿನಿಂದ ಶಿವಪುತ್ರನ ದನಿ ಬರುತ್ತಿತ್ತು. "ಬಾಗಲಾ ತೆರೀತಲ್ಲ? ಒಳಗ ಹೋಗು. ಕಾಲ ಹಿಡಿ, ಅಳು, ಏನರ ಮಾಡು. ನನ್ನ ಮ್ಯಾಲಿನ ಕೇಸ್ ವಾಪಸ್ ತಗೋಬೇಕು ಆಕಿ."

ಕಸ್ತೂರಿ ಬಾಗಿಲಿನಿಂದ ಹಿಂದೆ ಸರಿದಳು. ಮನೆಯೂ ಅವನ ಕಡೆಯಾಯಿತೆ?

"ನಾ ದಾಕ್ಷಾಯಣಿ, ಅಕ್ಕಾರ" ಎಂದಳು ಹುಡುಗಿ ಪಿಸುದನಿಯಲ್ಲಿ. "ಅವರು ನನ್ನ ಮದುವಿ ಆಗ್ಯಾರ. ಓಣಿ ತುದಿಗೆ ನಿಂತಾರ. ಬರಿಗೈಲೆ ಹೋದ್ರ ಬಿಡೂದಿಲ್ಲ."

ಅವಳ ಕುತ್ತಿಗೆಯ ಬಳಿ ಹಸಿರುಗಟ್ಟಿದ ಗುರುತು ಕಂಡಿತು. ಅಂಥದ್ದು ಎಷ್ಟು ದಿನಕ್ಕೆ ಮಾಯುತ್ತದೆಂದು ಕಸ್ತೂರಿಗೆ ಯಾರೂ ಹೇಳಬೇಕಿರಲಿಲ್ಲ. ತೋಳು ಹಿಡಿದು ಹುಡುಗಿಯನ್ನು ಒಳಗೆಳೆದುಕೊಂಡಳು. ಬಾಗಿಲು ಮುಚ್ಚಿತು. ಕಾದು ಬೇಸತ್ತ ಶಿವಪುತ್ರ ಅಂಗಳಕ್ಕೆ ಕಾಲಿಟ್ಟಿರಬೇಕು, ಬೆಳಕು ಹಳದಿಯಾಯಿತು. ಫೋನು ಬೈಯುತ್ತಲೇ ಇತ್ತು. ಕಸ್ತೂರಿ ಅದನ್ನು ಹುಡುಗಿಯ ಕೈಯಿಂದ ತೆಗೆದುಕೊಂಡು ಆರಿಸಿದಳು.

ಪೊಲೀಸರು ಬಂದು ಅವನನ್ನು ಕರೆದೊಯ್ದ ಮೇಲೆ ಡಾಕ್ಟರನ್ನು ಕರೆಸಿದಳು. "ಮನಿ ಕೆಟ್ಟೈತ್ರಿ. ಆ ಹುಡುಗಿಗೆ ತಾನ ಬಾಗಲಾ ತೆಗೀತು."

ಕಸ್ತೂರಿ ಹೊಸ್ತಿಲ ಮೇಲೆ ನಿಂತು ಒಪ್ಪಿದ ಮೇಲೆ ಡಾಕ್ಟರು ಮನೆಯ ನೆನಪನ್ನು ಪರದೆಯ ಮೇಲೆ ಬಿಡಿಸಿ ನೋಡಿದರು. ಕೊನೆಗೆ ಎರಡು ಅಲೆಗೆರೆಗಳನ್ನು ಅಕ್ಕಪಕ್ಕ ಇಟ್ಟು ತೋರಿಸಿದರು.

"ಇದು ದಾಕ್ಷಾಯಣಿ ಇವತ್ತು ನಡೆದು ಬಂದದ್ದು. ಇದು ನೀವು, ಈ ಮನಿಗೆ ಬಂದ ಮೊದಲನೇ ವಾರ. ಭಾರ ಬ್ಯಾರೆ, ಎತ್ತರ ಬ್ಯಾರೆ. ಆದ್ರ ನೋಡ್ರಿ, ಇಬ್ಬರೂ ಹಿಮ್ಮಡಿ ಊರೂದಿಲ್ಲ. ಬಾಗಿಲ ಮುಂದ ಉಸಿರು ಹಿಡಿದು ನಿಲ್ತೀರಿ. ನಿಮ್ಮ ನಡಿಗಿ ಮುಂದ ಬದಲಾತು. ಮನಿ ಮಾತ್ರ ಹಳೇದನ್ನ ಇಟ್ಟುಕೊಂಡೈತಿ. ಹಿಂಗ ನಡೆಯೋರು ಈ ಮನಿಯವರು ಅಂತ ತಿಳಕೊಂಡೈತಿ." ಅವರ ದನಿ ತಗ್ಗಿತು. "ಇದನ್ನ ನಾ ಕಲಿಸಿಲ್ಲ."

ಕಸ್ತೂರಿ ಪರದೆಯನ್ನೇ ನೋಡುತ್ತ ನಿಂತಳು. ತಾನು ಹಾಗೆ ನಡೆಯುತ್ತಿದ್ದೆನೆಂದು ಅವಳಿಗೇ ಗೊತ್ತಿರಲಿಲ್ಲ. ಕಾಲಡಿಯ ನೆಲಕ್ಕೆ ಗೊತ್ತಿತ್ತು. ಯಾರೂ ನೋಡದಿದ್ದಾಗ ಅದು ನೋಡಿತ್ತು.

"ಲೆಕ್ಕಕ್ಕ ಇದು ತಪ್ಪು" ಎಂದರು ಡಾಕ್ಟರು. "ನಾಳೆ ಅವ ಇನ್ನೊಬ್ಬರನ್ನ ಹೆದರಿಸಿ ಕಳಿಸಬಹುದು. ನೀವು ಒಪ್ಪಿದ್ರ ಈಗ ಅಳಿಸಿಬಿಡ್ತೀನಿ."

ಒಳಕೋಣೆಯಲ್ಲಿ ದಾಕ್ಷಾಯಣಿ ಗೋಡೆಗೆ ಮುಖಮಾಡಿ ಮಲಗಿದ್ದಳು. ಕಸ್ತೂರಿ ಹೋಗಿ ಅವಳಿಗೆ ಹೊದಿಕೆ ಹೊದಿಸಿ ಬಂದಳು.

"ಇರಲಿ ಬಿಡ್ರಿ. ಅಂಥಾಕಿ ಬಂದ್ರ ನನಗೊಂದ ಮಾತು ತಿಳಿಸೂ ಹಂಗ ಮಾಡ್ರಿ, ಸಾಕು. ಎದ್ದು ಹೋಗಿ ಕರಕೊಂಡು ಬರ್ತೀನಿ."

ಕೆಲವು ದಿನ ಅಲ್ಲೇ ಇದ್ದು, ನ್ಯಾಯಾಲಯದಲ್ಲಿ ಹೇಳಿಕೆ ಕೊಟ್ಟು, ದಾಕ್ಷಾಯಣಿ ರೋಣದ ತನ್ನ ಅಕ್ಕನ ಮನೆಗೆ ಹೋದಳು. ಅಲ್ಲಿ ಆಸ್ಪತ್ರೆಯೊಂದರಲ್ಲಿ ಕೆಲಸ ಕಲಿಯುತ್ತಿದ್ದಾಳೆಂದು ಆಗಾಗ ಸುದ್ದಿ ಬರುತ್ತಿತ್ತು.

ದೀಪಾವಳಿಯ ಮರುದಿನ ಕರೆಗಂಟೆ ಸದ್ದು ಮಾಡಿತು. ಬಾಗಿಲು ಅಲುಗಲಿಲ್ಲ.

"ಯಾರು?"

"ನಾ ರೀ ಅಕ್ಕಾರ, ದಾಕ್ಷಾಯಣಿ. ಬಾಗಲಾ ತೆರೀವಲ್ದು."

ಕಸ್ತೂರಿ ಕಿಟಕಿಯ ಗಾಜಿನಿಂದ ನೋಡಿದಳು. ಹುಡುಗಿ ಹೊಸ್ತಿಲಾಚೆ ಎರಡೂ ಹಿಮ್ಮಡಿ ನೆಲಕ್ಕೂರಿ ನೆಟ್ಟಗೆ ನಿಂತಿದ್ದಳು.

"ಮನಿಗೆ ನಿನ್ನ ಗುರುತು ಸಿಗವಲ್ದು ತಂಗಿ" ಎನ್ನುತ್ತ ಕಸ್ತೂರಿ ತನ್ನ ಕೈಯಿಂದಲೇ ಅಗಳಿ ತೆಗೆದಳು.