ಖುವಿಯ ಎಡಗೈ

ಖುವಿಯನ್ನು ಮನೆಗೆ ತರಬೇಕಿತ್ತು. ಜೀವಂತ ಖುವಿಯನ್ನಲ್ಲ, ಆ ಆಸೆ ಎಂದೋ ಕಮರಿತ್ತು.

ಓಯಸಿಸ್‌ನಿಂದ ಉಪ್ಪು ಹೇರಿಕೊಂಡು ಬಂದ ವ್ಯಾಪಾರಿಯೊಬ್ಬ ಸಯೂತ್ ಪೇಟೆಯಲ್ಲಿ ಸುದ್ದಿ ಬಿಚ್ಚಿದ್ದ. ಕೆಂಪು ಬಂಡೆಗಳ ಕಣಿವೆಯಲ್ಲಿ ಯಾರದೋ ಸಮಾಧಿ, ಬರೀ ಕಲ್ಲಿನ ಗುಡ್ಡೆ. ಮೇಲೊಂದು ಮುರಿದ ಬಿಲ್ಲು, ಹಿಡಿಯಲ್ಲಿ ನರಿಯ ತಲೆ ಕೆತ್ತಿದೆ. ಕೇಳುತ್ತಿದ್ದ ಶೆಮೆಸ್‌ನ ಕೈಯಿಂದ ಉಳಿ ಜಾರಿತು. ತಮ್ಮ ಖುವಿಗಾಗಿ ಆ ಹಿಡಿ ಕೆತ್ತಿಕೊಟ್ಟವನು ಅವನೇ.

ಸೋಲುವವರ ಪಕ್ಷ ವಹಿಸುವುದರಲ್ಲಿ ಸಯೂತ್‌ನವರದು ಎತ್ತಿದ ಕೈ. ಉತ್ತರದ ಅರಸನಿಗೆ ಮುತ್ತಾತಂದಿರು ಕೊಟ್ಟ ಮಾತಿಗೆ ಮೊಮ್ಮಕ್ಕಳು ಜೋತುಬಿದ್ದ ಊರು ಅದು. ಅವನ ವೈರಿ, ದಕ್ಷಿಣದ ಥೀಬ್ಸ್‌ನ ಹಡಗುಗಳು ನದಿಯಲ್ಲಿ ಕಾಣಿಸಿದಾಗ ಅಕ್ಕಪಕ್ಕದ ಊರುಗಳು ಬಾಗಿದವು. ಇದು ಬಾಗದೆ ಮುರಿಯಿತು. ಕಣಜಗಳು ಸುಟ್ಟುಹೋದವು, ಉಳಿದ ಬಿಲ್ಲಾಳುಗಳು ಬೆಟ್ಟ ಹತ್ತಿ ಮರಳುಗಾಡು ಸೇರಿದರು. ಖುವಿಯೂ ಅವರ ಜೊತೆ ಹೋದ. ಈಗ ಶೆಮೆಸ್ ಅದೇ ಥೀಬ್ಸ್ ಅಧಿಕಾರಿಗಳ ಗೋರಿಗಳಲ್ಲಿ ಕಾವಲಿಗಿಡುವ ಮರದ ಸೈನಿಕರನ್ನು ಕೆತ್ತುತ್ತಾನೆ. ಹೊಟ್ಟೆಪಾಡು, ಏನು ಮಾಡುವುದು?

ಕಣ್ಣು ಕಾಣದ ತಾಯಿ ತೆತಿ ಮಗನ ಭುಜ ಹಿಡಿದುಕೊಂಡಳು. "ಮರಳಲ್ಲಿ ಬಿದ್ದೋನಿಗೆ ಯಾರಪ್ಪ ರೊಟ್ಟಿ ಇಡ್ತಾರೆ? ಯಾರು ಹೆಸರು ಹಿಡಿದು ಕೂಗ್ತಾರೆ? ನಮ್ಮ ಗೋರಿ ಸೇರ್ಲಿಲ್ಲ ಅಂದ್ರೆ ಆಚೆ ಲೋಕದಲ್ಲೂ ಅವನು ನಂಗೆ ಸಿಗಲ್ಲ. ಕರ್ಕೊಂಡು ಬಾ."

ಹೊರಟವರು ಮೂವರು: ಶೆಮೆಸ್, ಖುವಿಯ ಹೆಂಡತಿ ಇರೆತ್, ಮರಳುಗಾಡಿನ ದಾರಿ ಬಲ್ಲ ಮುದುಕ ಹೆನಿ. ಜೊತೆಗೆ ಹೆನಿಯ ಎರಡು ಕತ್ತೆಗಳು.

"ಒಬ್ಬ ಬಡಗಿ, ಒಬ್ಳು ಹೆಂಗಸು, ಒಂದು ಮುದಿ ಕತ್ತೆ, ಒಂದು ಕುಂಟು ಕತ್ತೆ. ಥೀಬ್ಸ್‌ನೋರು ನೋಡಿದ್ರೆ ಹೆದರಿ ಓಡ್ಬೇಕು ಇಂಥ ದಂಡನ್ನ!" ಎಂದ ಹೆನಿ.

"ಮುದಿ ಕತ್ತೆ ಅಂದಿದ್ದು ಯಾರನ್ನ ತಾತ, ನಿಮ್ಮನ್ನೇನಾ?" ಎಂದಳು ಇರೆತ್. ಎಷ್ಟೋ ದಿನಗಳ ಮೇಲೆ ಅವಳ ಬಾಯಲ್ಲಿ ತಮಾಷೆ ಬಂದಿತ್ತು.

ಬೆಟ್ಟದ ನೆತ್ತಿಯಲ್ಲಿ ಮೂವರೂ ನಿಂತರು. ಸಯೂತ್‌ನ ದೇವರು ನರಿ, ದಾರಿ ತೆರೆಯುವವನು. ಊರು ಬಿಡುವವರು ಮೊದಲ ಬೊಗಸೆ ನೀರನ್ನು ಅವನಿಗೆ ಸುರಿಯಬೇಕು. ಸುರಿಯುವಾಗ ಶೆಮೆಸ್‌ಗೆ ತಮ್ಮನ ಎಡಗೈ ನೆನಪಾಯಿತು. ಚಿಕ್ಕಂದಿನಲ್ಲಿ ನರಿಮರಿಗೆ ರೊಟ್ಟಿ ತಿನ್ನಿಸಲು ಹೋಗಿ ಖುವಿ ಕಿರುಬೆರಳಿನ ತುದಿ ಕಳೆದುಕೊಂಡಿದ್ದ. ದೇವರೇ ಮುಟ್ಟಿದ ಹುಡುಗ, ಇವನಿಗೆ ಸಾವಿಲ್ಲ ಎಂದು ಊರೆಲ್ಲ ಕೊಂಡಾಡಿತ್ತು.

ಬೆಟ್ಟದಾಚೆ ಹಸಿರು ಕತ್ತರಿಸಿದಂತೆ ನಿಂತುಹೋಯಿತು. ಮುಂದೆ ಕಣ್ಣು ಹರಿಯುವಷ್ಟು ದೂರವೂ ಬಿಳಿ ಸುಣ್ಣಕಲ್ಲು, ಅದರಾಚೆ ಹಳದಿ ಮರಳಿನ ದಿಬ್ಬಗಳು, ಗಾಳಿ ಕೊರೆದು ನಿಲ್ಲಿಸಿದ ಬಂಡೆಗಳು. ಹಗಲು ಬಂಡೆಗಳ ನೆರಳಿನಲ್ಲಿ ಬಿದ್ದುಕೊಂಡು, ಹೊತ್ತು ಇಳಿದ ಮೇಲೆ ನಡೆದರು. ದಾರಿಯುದ್ದಕ್ಕೂ ಓಡಿಹೋದವರ ಗುರುತುಗಳು ಸಿಕ್ಕವು: ಹರಿದ ಚಪ್ಪಲಿ, ಒಡೆದ ಮಡಕೆ, ಬಿಳಿಚಿದ ಎಲುಬು. ಪ್ರತಿಯೊಂದರ ಮುಂದೆಯೂ ಇರೆತ್ ನಿಂತು ನೋಡಿದಳು.

ಪಡುವಣ ದಿಕ್ಕು ಕಂದು ಬಣ್ಣಕ್ಕೆ ತಿರುಗಿತು.

"ಕತ್ತೆ ಕಟ್ಟಿ! ಮುಖ ಮುಚ್ಕೊಳ್ಳಿ!" ಹೆನಿ ಕೂಗಿದ.

ಬಿರುಗಾಳಿ ಅಪ್ಪಳಿಸಿತು. ಕುಂಟು ಕತ್ತೆ ಬೆದರಿ ಹಗ್ಗ ಹರಿದುಕೊಂಡು ಓಡಿತು. ಶೆಮೆಸ್ ಅದರ ಹಿಂದೆ ನುಗ್ಗಿದ. ಕೈಗೆ ಸಿಕ್ಕ ಬಾಲವೂ ಜಾರಿತು. ಕತ್ತೆ ಕೊರಕಲಿಗೆ ಉರುಳಿತು.

ಗಾಳಿ ನಿಂತಾಗ ಕತ್ತೆ ಸತ್ತಿತ್ತು. ಅದರ ಬೆನ್ನಿನ ನೀರಿನ ಚೀಲಗಳು ಹರಿದು ಬರಿದಾಗಿದ್ದವು. ಉಳಿದದ್ದು ಒಂದೇ ಚೀಲ, ಅದೂ ಅರ್ಧ.

"ಈಗ್ಲೇ ತಿರುಗಿದ್ರೆ ಬದುಕ್ತೀವಿ," ಎಂದ ಹೆನಿ.

"ನೀವು ತಿರುಗಿ ತಾತ. ನಾನು ಬರಲ್ಲ," ಎಂದಳು ಇರೆತ್.

ಹೆನಿ ಗೊಣಗುತ್ತಲೇ ಉಳಿದ ಕತ್ತೆಯ ಮೂತಿಯನ್ನು ಮುಂದಕ್ಕೆ ತಿರುಗಿಸಿದ.

ಕೆಂಪು ಬಂಡೆಗಳ ನಡುವೆ ಕಲ್ಲಿನ ಗುಡ್ಡೆ ಸಿಕ್ಕಿತು. ಕಲ್ಲುಗಳು ಚೆಲ್ಲಾಪಿಲ್ಲಿಯಾಗಿದ್ದವು. ನರಿಗಳು ತೋಡಿದ್ದವು. ಬಿಲ್ಲು ಇತ್ತು, ತಲೆಬುರುಡೆ ಇತ್ತು, ಎದೆಗೂಡು, ಬಲಗೈ, ಕಾಲುಗಳು ಇದ್ದವು. ಎಡಗೈ ಭುಜದಿಂದಲೇ ಇರಲಿಲ್ಲ. ಮೂವರೂ ಕಣಿವೆಯೆಲ್ಲ ಜಾಲಾಡಿದರು. ಎಲ್ಲಿಯೂ ಸಿಗಲಿಲ್ಲ.

ಬಂಡೆಯ ಮೇಲೊಂದು ನರಿ ಕುಳಿತು ಇವರನ್ನೇ ನೋಡುತ್ತಿತ್ತು. ಸಯೂತ್‌ನಲ್ಲಿ ಹುಟ್ಟಿದವನು ನರಿಗೆ ಕೈಯೆತ್ತುವುದುಂಟೆ? ಶೆಮೆಸ್ ಕಲ್ಲು ಎತ್ತಿಯೇಬಿಟ್ಟ. "ಅವತ್ತು ರುಚಿ ನೋಡಿದೆ, ಈಗ ಊಟ ಮುಗಿಸಿದೆಯಾ?"

ಇರೆತ್ ಅವನ ಕೈ ಹಿಡಿದಳು. "ಬೇಡ ಭಾವ. ಸಿಗದೇ ಇರೋ ಖುವಿ ಅದರ ಹೊಟ್ಟೇಲೇ ಇದ್ದಾನೆ."

ಕಲ್ಲು ಕೆಳಗೆ ಬಿತ್ತು. ಶೆಮೆಸ್ ಅಲ್ಲೇ ಕುಸಿದು ಬಿಕ್ಕಿಬಿಕ್ಕಿ ಅತ್ತ.

ಎಲುಬುಗಳನ್ನು ನಾರುಬಟ್ಟೆಯಲ್ಲಿ ಸುತ್ತಿಕೊಂಡು ಹೊರಟರು. ಬಹಳ ದೂರ ಹೋಗುವ ಮೊದಲೇ ನೀರು ತೀರಿತು. ಹೆನಿಯ ನಾಲಗೆ ಹೊರಳದಾಯಿತು, ತಮಾಷೆಯೂ ನಿಂತಿತು. ಬೆಳಗಿನ ತಂಪಿನಲ್ಲಿ ಇರೆತ್ ಮರಳಿನತ್ತ ಕೈ ತೋರಿಸಿದಳು. ನರಿಯ ಹೆಜ್ಜೆಗಳು. ಒಂದಲ್ಲ, ಹತ್ತಾರು, ಎಲ್ಲವೂ ಒಂದೇ ಕಡೆಗೆ.

ಹಿಂಬಾಲಿಸಿದರು. ಶೆಮೆಸ್ ಎರಡು ಸಲ ಬಿದ್ದು ಎದ್ದ, ಗಂಟನ್ನು ಮಾತ್ರ ಬಿಡಲಿಲ್ಲ. ಬಂಡೆಯ ಬುಡದ ತಗ್ಗಿನಲ್ಲಿ ನರಿಗಳು ತೋಡಿದ ಗುಂಡಿ, ತಳದಲ್ಲಿ ಒದ್ದೆ ಮರಳು. ಮೂವರೂ ಉಗುರು ಕಿತ್ತುಬರುವಂತೆ ತೋಡಿದರು. ಕೆಸರು ನೀರು ಜಿನುಗಿತು. ಮೊದಲ ಬೊಗಸೆಯನ್ನು ಶೆಮೆಸ್ ಕುಡಿಯಲಿಲ್ಲ. ಅಳುತ್ತಲೇ ಅದನ್ನು ಮರಳಿನ ಮೇಲೆ ಸುರಿದ.

ಕೊನೆಗೊಮ್ಮೆ ಬೆಟ್ಟದ ನೆತ್ತಿಯಿಂದ ನದಿ ಕಂಡಿತು. ಹೆನಿ ಕತ್ತೆಯ ಕೊರಳು ತಬ್ಬಿಕೊಂಡ. "ಕುಂಟಿ ಇದ್ದಿದ್ರೆ ಇಷ್ಟೊತ್ತಿಗೆ ಅರಚಿ ಊರೆಬ್ಬಿಸ್ತಿತ್ತು," ಎಂದ.

ಮನೆಯಲ್ಲಿ ಶೆಮೆಸ್ ಅತ್ತಿಮರದ ತುಂಡೊಂದನ್ನು ಆರಿಸಿಕೊಂಡು ತಮ್ಮನಿಗೆ ಎಡಗೈ ಕೆತ್ತಿದ. ಸತ್ತವರಿಗೆ ಊನ ಕೆತ್ತಬಾರದೆಂಬುದು ಅವನ ಕಸುಬಿನ ನೇಮ. ಐದು ಬೆರಳುಗಳೂ ತಿದ್ದಿ ತೀಡಿದಂತೆ ಬಂದವು.

ಶವಪೆಟ್ಟಿಗೆ ಮುಚ್ಚುವ ಮೊದಲು ತೆತಿ ಒಳಗೆ ಕೈಯಿಟ್ಟು ತಡವಿದಳು. ಹಣೆ, ಎದೆ, ಆಮೇಲೆ ಎಡಗೈ. ಕಿರುಬೆರಳಿನ ಹತ್ತಿರ ಅವಳ ಕೈ ನಿಂತಿತು.

"ಇದು ನೀನು ಕೆತ್ತಿದ್ದು."

ಶೆಮೆಸ್ ತಲೆ ತಗ್ಗಿಸಿದ. "ಹೂಂ ಅವ್ವ. ಅದೊಂದು ಸಿಗಲಿಲ್ಲ."

"ತುದಿ ಕತ್ತರಿಸು."

"ಊನ ಮಾಡಬಾರದವ್ವ. ಆಚೆ ಲೋಕದಲ್ಲಿ ಬಿಲ್ಲು ಹಿಡೀಬೇಕಲ್ಲ ಅವನು."

"ಬಿಲ್ಲು ಹಿಡಿದಿದ್ದು ಸಾಕು. ಅಲ್ಲಿ ನನಗೆ ಕಣ್ಣು ಬರುತ್ತೋ ಇಲ್ವೋ. ಅಷ್ಟು ಜನದಲ್ಲಿ ಕೈ ಮುಟ್ಟಿ ನೋಡಿಯೇ ನನ್ನ ಮಗನ್ನ ಹುಡುಕ್ಬೇಕು ನಾನು."

ಶೆಮೆಸ್ ಉಳಿ ತಂದ. ಒಂದೇ ಏಟಿಗೆ ಬೆರಳ ತುದಿ ಹಾರಿತು. ತೆತಿ ಮತ್ತೆ ಆ ಕೈ ಹಿಡಿದು, ಮೊಂಡು ಬೆರಳನ್ನು ಮುಷ್ಟಿಯಲ್ಲಿ ಬಹಳ ಹೊತ್ತು ಇಟ್ಟುಕೊಂಡಳು.

"ಹೂಂ, ಬಂದ," ಎಂದಳು. "ಈಗ ಮುಚ್ಚಿ."