ಉಗ್ಗದ ದನಿ

ಧಡ್!

ಹಿಂದಿನಿಂದ ಬಂದ ಬಿಳಿ ಸ್ಕಾರ್ಪಿಯೋ ನನ್ನ ಜೀಪಿಗೆ ಎರಡನೇ ಸಲ ಗುದ್ದಿತು.

ಒಂದು ಕಡೆ ತುಂಗೆ. ಇನ್ನೊಂದು ಕಡೆ ಕಾಡಿನ ಕಡಿದಾದ ಧರೆ. ನೆಮ್ಮಾರಿನಿಂದ ಶೃಂಗೇರಿಗೆ ಬರುವ ಆ ತಿರುವುಗಳಲ್ಲಿ ಸ್ಟೇರಿಂಗ್ ಸ್ವಲ್ಪ ಜಾರಿದರೆ ಹೆಣ ಹುಡುಕಲು ದೋಣಿ ಬೇಕು.

"ತಲೆ ಬಗ್ಗಿಸಿ ರಾಣಿಯಮ್ಮ!"

ಪಕ್ಕದಲ್ಲಿ ಕೂತ ಮುದುಕಿ ಬಗ್ಗಲಿಲ್ಲ. ಸೈಡ್ ಮಿರರಿನಲ್ಲಿ ಕಾಣುತ್ತಿದ್ದ ಆ ಬಿಳಿ ಬಣ್ಣವನ್ನೇ ನೋಡುತ್ತಿದ್ದರು.

"ನಮ್ಮ ಊರಲ್ಲಿ ಬಿಳಿ ಗಾಡಿ ಬಂದ್ರೆ ಆಳು ವಾಪಸ್ ಬರಲ್ಲ, ಮಗಳೇ..."

"ಇದು ನಿಮ್ಮೂರಲ್ಲ! ಇಲ್ಲಿ ಬಿಳಿ ಗಾಡಿ ಅಂದ್ರೆ ಟೂರಿಸ್ಟು!"

ಸುಳ್ಳು. ಟೂರಿಸ್ಟುಗಳು ಹಿಂದಿನಿಂದ ಗುದ್ದುವುದಿಲ್ಲ.

ನಾನು ಕುಸುಮಾ. ಕೊಪ್ಪದಲ್ಲಿ ಕಾನ್‌ಸ್ಟೇಬಲ್ ಆಗಿದ್ದೆ. ದೊಡ್ಡವರೊಬ್ಬರ ಅಳಿಯನ ಕಪಾಳಕ್ಕೆ ಬಾರಿಸುವವರೆಗೆ! ಈಗ ಕಳೆದುಹೋದವರನ್ನು ಹುಡುಕಿ ಕೊಡುತ್ತೇನೆ. ಯಾರನ್ನಾದರೂ ಒಂದೂರಿನಿಂದ ಇನ್ನೊಂದೂರಿಗೆ ಜೀವಸಹಿತ ಮುಟ್ಟಿಸಬೇಕಾದರೆ ಅದನ್ನೂ ಮಾಡುತ್ತೇನೆ. ಹುಟ್ಟಿದ್ದು ಕಾಫಿ ಎಸ್ಟೇಟಿನ ಲೈನ್‌ಮನೆಯಲ್ಲಿ. ಪಕ್ಕದ ಬಾಗಿಲು ತಮಿಳರದು. ಹಾಗಾಗಿ ತಮಿಳು ನೀರು ಕುಡಿದಂತೆ ಬರುತ್ತದೆ. ಈ ಕೆಲಸ ನನಗೆ ಸಿಕ್ಕಿದ್ದೂ ಅದಕ್ಕೇ.

ಕೆಲಸ ಕೊಟ್ಟವನು ಕುಗನ್. ಟೊರಾಂಟೊದಲ್ಲಿರುವ ಶ್ರೀಲಂಕಾದ ತಮಿಳ. ಯುದ್ಧದಲ್ಲಿ ಕಣ್ಮರೆಯಾದವರ ಪರವಾಗಿ ಅಲ್ಲಿ ಒಂದು ಸಂಘಟನೆ ಕಟ್ಟಿದ್ದಾನೆ. ಮೈಕು, ಮೆರವಣಿಗೆ, ದೊಡ್ಡ ದೊಡ್ಡ ಪೋಸ್ಟರು. ಫೋನಿನಲ್ಲಿ ಅವನು ಹೇಳಿದ್ದು ಇಷ್ಟೇ...

"ಮೇಡಮ್, ನೆಮ್ಮಾರ್ ಹತ್ರ ಎಸ್ಟೇಟಿನಲ್ಲಿ ಯೋಗರಾಣಿ ಅಂತ ಒಬ್ಬ ಅಮ್ಮ ಇದ್ದಾರೆ. ಜಿನೀವಾದಲ್ಲಿ ವಿಚಾರಣೆ ಇದೆ. ಅವರನ್ನ ನರಸಿಂಹರಾಜಪುರದ ಲಾಯರ್ ಆಫೀಸಿಗೆ ಮುಟ್ಟಿಸಿ. ಲಾಯರ್ ಎದುರು ಪ್ರಮಾಣ ಮಾಡಿ, ವಿಡಿಯೋದಲ್ಲಿ ಸಾಕ್ಷಿ ಹೇಳಬೇಕು."

"ಯಾರ ವಿರುದ್ಧ?"

"ಯುದ್ಧ ಮುಗಿದ ದಿನ ಒಂದು ಸೇತುವೆ ಹತ್ರ ಹುಡುಗರು ಸೈನ್ಯಕ್ಕೆ ಶರಣಾದ್ರು. ಅವರನ್ನ ಬಸ್ಸಿಗೆ ಹತ್ತಿಸಿಕೊಂಡ ಆಫೀಸರ್ ಈಗ ದೊಡ್ಡ ಕುರ್ಚಿಯಲ್ಲಿದ್ದಾನೆ. ಅವನ ಮುಖ ನೋಡಿ, ಹೆಸರು ಕೇಳಿ, ಇನ್ನೂ ಬದುಕಿರೋರು ಈ ಅಮ್ಮ ಒಬ್ಬರೇ."

ಅಂದರೆ ಆ ಕುರ್ಚಿಯವನಿಗೂ ಈ ಅಮ್ಮ ಬೇಕು. ಬಾಯಿ ಮುಚ್ಚಿಸಲು!

ಮೂರನೇ ಸಲ ಗುದ್ದುವ ಮೊದಲು ಶೃಂಗೇರಿ ಬಂತು. ಪಾರ್ಕಿಂಗಿನ ಹತ್ತಿರ ಆಂಧ್ರದ ಯಾತ್ರಿಕರ ಎರಡು ಬಸ್ಸುಗಳು ಸಾಲಾಗಿ ತಿರುಗುತ್ತಿದ್ದವು. ಅವುಗಳ ನಡುವೆ ಜೀಪು ತೂರಿಸಿದೆ. ಡ್ರೈವರನೊಬ್ಬ ತೆಲುಗಿನಲ್ಲಿ ನನ್ನ ಇಡೀ ವಂಶವನ್ನು ವಿಚಾರಿಸಿಕೊಂಡ. ವಿಚಾರಿಸಲಿ! ಹಿಂದೆ ಬಸ್ಸು ಅಡ್ಡ ಬಂತು. ಸ್ಕಾರ್ಪಿಯೋ ಸಿಕ್ಕಿಬಿತ್ತು.

ಹರಿಹರಪುರ ದಾಟಿದ ಮೇಲೆ ಉಸಿರು ಬಿಟ್ಟೆ. ಆಗ ರಾಣಿಯಮ್ಮ ಮಾತು ಶುರು ಮಾಡಿದರು. ಅರ್ಧ ಕನ್ನಡ, ಅರ್ಧ ತಮಿಳು.

"ನನ್ನ ಮಗ ನಿಶಾಂತನ್. ಉಗ್ಗು ಇತ್ತು ಅವನಿಗೆ. 'ಅಮ್ಮ' ಅನ್ನೋಕೂ ಕಷ್ಟ. ಅ... ಅ... ಅ... ಅಂತ ನಿಲ್ತಿದ್ದ. ನಾನು ಕಾಯ್ತಿದ್ದೆ."

ಮುಖದಲ್ಲಿ ನಗು.

"ಯುದ್ಧದ ಕೊನೇ ತಿಂಗಳು ತಮಿಳು ಹುಲಿಗಳು ಮನೆಗೆ ನುಗ್ಗಿ ಎಳ್ಕೊಂಡು ಹೋದ್ರು. ಬಂದೂಕು ಕೊಟ್ರು. ಪುಸ್ತಕ ಹಿಡಿಯೋ ಹುಡುಗ! ತಪ್ಪಿಸ್ಕೊಂಡು ಬಂದ. ಆಮೇಲೆ ಸೈನ್ಯದೋರು ಮೈಕಲ್ಲಿ ಕೂಗಿದ್ರು. ಹುಲಿಗಳ ಜೊತೆ ಒಂದು ದಿವಸ ಇದ್ರೂ ಬಂದು ಶರಣಾಗಿ, ವಿಚಾರಣೆ ಮಾಡಿ ಮನೆಗೆ ಬಿಡ್ತೀವಿ ಅಂತ."

"ನೀವು ನಂಬಿದ್ರಾ?"

"ನಂಬ್ದೆ. ನಾನೇ ಕೈ ಹಿಡ್ಕೊಂಡು ಹೋಗಿ ಕೊಟ್ಟೆ, ಮಗಳೇ. ಆಫೀಸರ್ ಹೆಸರು ಕೇಳ್ದ. ಇವನಿಗೆ ಹೇಳೋಕೆ ಬರ್ಲಿಲ್ಲ. ಆಫೀಸರ್ ಕೈ ಎತ್ತಿದ. ಹೊಡೀತಾನೆ ಅಂತ ನಾನೇ ಹೆಸರು ಹೇಳ್ದೆ."

ನಾನು ಗೇರ್ ಬದಲಿಸಿದೆ. ಬದಲಿಸುವ ಅಗತ್ಯವಿರಲಿಲ್ಲ.

ಬಸ್ಸು ಹತ್ತಿದ ಮಗ ವಾಪಸ್ ಬರಲಿಲ್ಲ. ಆಮೇಲೆ ರಾಣಿಯಮ್ಮನಿಗೆ ದೋಣಿ. ರಾಮೇಶ್ವರ. ಕ್ಯಾಂಪು. ಆ ನಿರಾಶ್ರಿತರ ಕ್ಯಾಂಪು ಬಿಟ್ಟು ಕೂಲಿಯವರ ಲಾರಿಯಲ್ಲಿ ನೆಮ್ಮಾರ್. ಕಾಗದ ಇಲ್ಲ, ಕಾರ್ಡು ಇಲ್ಲ. ಎಸ್ಟೇಟಿನಲ್ಲಿ ಎಲ್ಲರೂ ಸೇಲಂ ಕಡೆಯ ಮುದುಕಿ ಅಂದುಕೊಂಡಿದ್ದರು. ಪಕ್ಕದ ಮನೆಯ ಭೈರಮ್ಮನಿಗೆ ಮಾತ್ರ ನಿಜ ಗೊತ್ತು. ಬೆಳಿಗ್ಗೆ ಮೆಣಸು ಕೊಯ್ಯುವವರ ಗುಂಪಿನಲ್ಲಿ ಸೇರಿಸಿ ರಾಣಿಯಮ್ಮನನ್ನು ಗೇಟು ದಾಟಿಸಿದ್ದು ಅವಳೇ. ಆದರೂ ಕೂಲಿಯವರ ಮೇಸ್ತ್ರಿ ದೊರೈ ನೋಡಿಬಿಟ್ಟಿದ್ದ.

ಕೊಪ್ಪದಿಂದ ಮುಖ್ಯ ರಸ್ತೆ ಬಿಟ್ಟು ಹಿರೇಕೊಡಿಗೆ ಕಡೆಯ ಒಳದಾರಿ ಹಿಡಿದೆ. ಸುತ್ತು ಜಾಸ್ತಿ. ಆದರೆ ಅಲ್ಲಿ ನಮ್ಮನ್ನು ಯಾರೂ ಹುಡುಕುವುದಿಲ್ಲ. ರೇಡಿಯೇಟರಿಗೆ ನೀರು ತರಲು ಒಂದು ಮನೆಯ ಹತ್ತಿರ ಇಳಿದೆ. ವಾಪಸ್ ಬಂದಾಗ ರಾಣಿಯಮ್ಮ ಫೋನಿನಲ್ಲಿ ಮಾತಾಡುತ್ತಿದ್ದರು. ಪಿಸುದನಿ. ಅಷ್ಟು ಮೆತ್ತಗಿನ ತಮಿಳನ್ನು ನಾನು ಲೈನ್‌ಮನೆಯಲ್ಲೂ ಕೇಳಿರಲಿಲ್ಲ.

"ಹೆದರ್ಬೇಡ ಕಣ್ಣೇ... ನಿನ್ನ ಬಿಡಿಸೋಕೇ ಹೋಗ್ತಿದ್ದೀನಿ... ಹಿರೇಕೊಡಿಗೆ ಅಂತೆ ಈ ಊರು..."

ಫೋನ್ ಕಿತ್ತುಕೊಂಡೆ. ಕಟ್ ಆಗಿತ್ತು.

"ಯಾರದು?!"

"ನನ್ನ ಮಗ."

ಕೈಯಲ್ಲಿದ್ದ ಕೊಡ ಹಾಗೇ ನಿಂತಿತು.

"ನಿಶಾಂತನ್... ಬದುಕಿದ್ದಾನಾ?"

"ಯಾರಿಗೂ ಹೇಳ್ಬೇಡ. ಕುಗನ್ ನನ್ನ ಹುಡುಕಿ ಮಾತಾಡಿದ ಮಾರನೇ ವಾರದಿಂದ ಇವನ ಫೋನು. ತಿಂಗಳಿಗೊಂದ್ಸಲ. ಗುಟ್ಟಿನ ಜೈಲಲ್ಲಿ ಇಟ್ಟಿದ್ದಾರಂತೆ. ನಾನು ಬಾಯಿ ಬಿಟ್ರೆ ಕೊಲ್ತಾರಂತೆ. ಆದ್ರೆ ಕುಗನ್ ಹೇಳ್ದ, ಸಾಕ್ಷಿ ಹೇಳಿದ್ರೆ ಜಗತ್ತೆಲ್ಲ ಸೇರಿ ಬಿಡಿಸ್ಬಹುದು ಅಂತ. ಅದಕ್ಕೇ ಬಂದೆ."

ಎರಡೂ ಕಡೆಯವರು ಒಂದೇ ಆಸೆಗೆ ಗಾಳ ಹಾಕಿದ್ದರು!

"ಫೋನಲ್ಲಿ ನಿಮ್ಮನ್ನ ಏನಂತ ಕರೀತಾನೆ?"

"ಅಮ್ಮಾ ಅಂತ."

"ಉಗ್ಗದೆ?"

ರಾಣಿಯಮ್ಮ ಕಿಟಕಿಯ ಕಡೆ ತಿರುಗಿದರು.

"ಜೈಲಲ್ಲಿ ವಾಸಿ ಆಗಿರ್ಬಹುದು," ಎಂದರು.

ಊರಿನ ಹೆಸರು ಅವರಿಗೆ ಸಿಕ್ಕಾಗಿತ್ತು. ಹುಡ್ ಮುಚ್ಚಿ ಜೀಪು ಹತ್ತಿದೆ.

ಶೆಟ್ಟಿಕೊಪ್ಪ ಇನ್ನೇನು ಬರಬೇಕು... ಒಂದು ತಿರುವು... ಬ್ರೇಕ್!

ಸ್ಕಾರ್ಪಿಯೋ ರಸ್ತೆಗೆ ಅಡ್ಡ ನಿಂತಿತ್ತು.

ಬೇರೆ ಗಾಡಿ ಇಲ್ಲ. ಮನೆ ಇಲ್ಲ. ಎಡಗಡೆಯ ಬಾಗಿಲು ತೆಗೆದು ದೊರೈ ಇಳಿದ. ಕೈಯಲ್ಲಿ ಕತ್ತಿ.

"ಕುಸುಮಕ್ಕ, ಮುದುಕೀನ ಇಳಿಸಿ ನೀವು ಹೋಗಿ. ನಿಮಗೆ ಎಂತಕ್ಕೆ ಬೇಕು ಮಾರಾಯ್ರೇ ಇದೆಲ್ಲ?"

"ಕೂಲಿಯವರಿಗೆ ಮೇಸ್ತ್ರಿ, ಕೊಲೆಗಾರರಿಗೂ ಮೇಸ್ತ್ರಿಯಾ ದೊರೈ?"

"ಒಬ್ಬಳು ಮುದುಕಿ. ಇವತ್ತಲ್ಲ ನಾಳೆ ಸಾಯೋಳು!"

ಸೀಟಿನಡಿ ಕೈ ಹಾಕಿದೆ. ಜಾಕಿ ರಾಡ್ ಸಿಕ್ಕಿತು.

ಅಷ್ಟರಲ್ಲಿ ರಾಣಿಯಮ್ಮನ ಫೋನ್ ರಿಂಗಾಯಿತು.

ಸ್ಪೀಕರ್ ಒತ್ತಿದೆ. ಒಂದು ಗಂಡು ದನಿ, ಸ್ಪಷ್ಟ ತಮಿಳಿನಲ್ಲಿ...

"ಅಮ್ಮಾ, ವಾಪಸ್ ಹೋಗಮ್ಮಾ. ನೀನು ಮಾತಾಡಿದ್ರೆ ನನ್ನ ಕೊಂದುಬಿಡ್ತಾರೆ."

ನಾನು ಎದುರಿಗಿದ್ದ ಗಾಡಿಯನ್ನು ನೋಡುತ್ತಿದ್ದೆ. ಅದರ ಡ್ರೈವರ್ ಸೀಟಿನಲ್ಲಿ ಒಬ್ಬ. ಕಿವಿಗೆ ಫೋನ್. 'ಅಮ್ಮಾ' ಎನ್ನುವಾಗ ಅವನ ತುಟಿ ಮುಚ್ಚಿ ತೆರೆಯಿತು. 'ಕೊಂದುಬಿಡ್ತಾರೆ' ಎನ್ನುವಾಗಲೂ ಅಲ್ಲಾಡಿತು.

ಆ ಕ್ಷಣ ನಾನು ಸುಮ್ಮನಿರಬಹುದಿತ್ತು. ಜೀಪು ತಿರುಗಿಸಬಹುದಿತ್ತು. ಮುದುಕಿಗೆ ಮಗನಾದರೂ ಉಳಿಯುತ್ತಿದ್ದ.

"ರಾಣಿಯಮ್ಮ," ಎಂದೆ, "ಮುಂದೆ ನೋಡಿ."

ನೋಡಿದರು.

ಕೂಗಲಿಲ್ಲ. ಅಳಲಿಲ್ಲ. ಬಾಗಿಲು ತೆಗೆದು ಇಳಿದರು. ಸೆರಗು ಸರಿ ಮಾಡಿಕೊಂಡು ಆ ಗಾಡಿಯ ಕಡೆ ನಡೆದರು!

"ಏಯ್!" ದೊರೈ ಕತ್ತಿ ಎತ್ತಿದ.

ನಾನು ಹಾರಿದೆ. ರಾಡ್ ಮಣಿಕಟ್ಟಿಗೆ ಬಿತ್ತು. ಕಟಕ್! ಕತ್ತಿ ಚರಂಡಿಗೆ, ದೊರೈ ಟಾರಿನ ಮೇಲೆ. ಬೆನ್ನ ಮೇಲೆ ಮಂಡಿ ಊರಿ ಕೂತೆ.

"ಕೈ ಮುರೀತು ಮಾರಾಯ್ತೀ...!"

"ಇನ್ನೊಂದು ಇದೆ. ಸುಮ್ನಿರು."

ರಾಣಿಯಮ್ಮ ಸ್ಕಾರ್ಪಿಯೋದ ಕಿಟಕಿಯ ಬಳಿ ನಿಂತಿದ್ದರು. ಗಾಜು ಇಳಿದಿತ್ತು. ಒಳಗಿದ್ದವನಿಗೆ ಮೂವತ್ತೈದರ ಪ್ರಾಯ. ನಿಶಾಂತನ್ ಇದ್ದಿದ್ದರೆ ಅಷ್ಟೇ ಆಗಿರುತ್ತಿತ್ತು. ಅವನ ಕೈಯಲ್ಲಿ ಫೋನಿನ ಪರದೆ ಇನ್ನೂ ಬೆಳಗುತ್ತಿತ್ತು.

"ತಂಬಿ," ಎಂದರು ರಾಣಿಯಮ್ಮ, "ಎದುರಿಗೆ ಒಂದ್ಸಲ ಅಮ್ಮ ಅನ್ನು."

ಅವನು ತಲೆ ತಗ್ಗಿಸಿದ.

"ಫೋನಲ್ಲಿ ಅಷ್ಟು ಸಲ ಅಂದ್ಯಲ್ಲ... ಅನ್ನು."

"ಇದು ನನ್ನ ಕೆಲಸ ಅಷ್ಟೇ," ಎಂದ. ಚೆನ್ನೈ ಕಡೆಯ ತಮಿಳು. "ಹೇಳಿಕೊಟ್ಟಿದ್ದನ್ನ ಹೇಳ್ತಿದ್ದೆ."

"ಪ್ರತಿ ಸಲ ಫೋನ್ ಇಡೋ ಮೊದಲು ನೀನು ಊಟ ಆಯ್ತಾ ಅಂತ ಕೇಳ್ತಿದ್ದೆ. ಅದನ್ನ ಯಾರು ಹೇಳಿಕೊಟ್ರು?"

ಅವನು ಫೋನನ್ನು ಪಕ್ಕದ ಸೀಟಿಗೆ ಹಾಕಿದ.

"ಅದು... ಯಾರೂ ಅಲ್ಲ. ಅದು ನಾನೇ ಕೇಳ್ತಿದ್ದಿದ್ದು."

ರಾಣಿಯಮ್ಮ ಕಿಟಕಿಯೊಳಗೆ ಕೈ ಹಾಕಿ ಅವನ ಕೆನ್ನೆ ಮುಟ್ಟಿದರು. ನಾನು ಲಾಕಪ್ಪಿನಲ್ಲಿ ಗಟ್ಟಿ ಗಟ್ಟಿ ಆಳುಗಳು ಅತ್ತಿದ್ದನ್ನು ನೋಡಿದ್ದೇನೆ. ಯಾರೂ ಹೀಗೆ ಅತ್ತಿರಲಿಲ್ಲ. ಸ್ಟೇರಿಂಗಿಗೆ ಹಣೆ ಕೊಟ್ಟು, ಹಲ್ಲು ಕಚ್ಚಿ, ಸದ್ದೇ ಇಲ್ಲದೆ.

ಆಮೇಲೆ ರಿವರ್ಸ್ ಹಾಕಿದ. ದಾರಿ ಬಿಟ್ಟ. ದೊರೈ ಬೈದ. ಬೈದರೂ ಕೇಳಲಿಲ್ಲ.

ನರಸಿಂಹರಾಜಪುರದವರೆಗೆ ರಾಣಿಯಮ್ಮ ಒಂದೇ ಮಾತು ಆಡಿದ್ದು.

"ನನಗೆ ಗೊತ್ತಿತ್ತು ಮಗಳೇ. ಮೊದಲ ಸಲ ಅಮ್ಮಾ ಅಂದಾಗಲೇ ಗೊತ್ತಾಯ್ತು. ಕೇಳಿದ್ರೆ ಮುಗಿದುಹೋಗ್ತದಲ್ಲ... ಅದಕ್ಕೇ ಕೇಳ್ಲಿಲ್ಲ."

ಲಾಯರ್ ಗಂಗಾಂಬಿಕೆ ಲ್ಯಾಪ್‌ಟಾಪ್ ತೆರೆದಿಟ್ಟು ಕಾಯುತ್ತಿದ್ದರು. ಮಾತು ಕಮ್ಮಿ ಆಡುವ ಹೆಂಗಸು. ರಾಣಿಯಮ್ಮನ ಮುಖ ನೋಡಿ ಮೊದಲು ಒಂದು ಲೋಟ ಬಿಸಿ ಕಾಫಿ ಕೊಟ್ಟರು. ಆಮೇಲೆ ಪ್ರಮಾಣ ಮಾಡಿಸಿದರು.

ಪರದೆಯ ಮೇಲೆ ಜಿನೀವಾ. ಕೋಟು ತೊಟ್ಟವರು. ನೀರಿನ ಬಾಟಲಿಗಳು. ಮೂಲೆಯ ಚೌಕದಲ್ಲಿ ಟೊರಾಂಟೊದ ಕುಗನ್. ತಮಿಳಿನಿಂದ ಇಂಗ್ಲಿಷಿಗೆ ಹೇಳಲು ಒಬ್ಬಳು ಹುಡುಗಿ.

ರಾಣಿಯಮ್ಮ ಎಲ್ಲ ಹೇಳಿದರು. ಸೇತುವೆ. ಮೈಕು. ಬಸ್ಸಿನ ಬಣ್ಣ. ಆಫೀಸರನ ಹೆಸರು, ಅವನ ಮುಖದ ಗುರುತು. ಹುಲಿಗಳು ಮಗನನ್ನು ಎಳೆದೊಯ್ದದ್ದನ್ನೂ ಹೇಳಿದರು. ಅದನ್ನು ಹೇಳುವಾಗ ಕುಗನ್ ಮುಖ ಸ್ವಲ್ಪ ಬಿಗಿಯಾಯಿತು. ಅದು ಅವನ ಪೋಸ್ಟರಿನಲ್ಲಿ ಇರಲಿಲ್ಲ.

ಕೊನೆಗೆ ಕೋಟಿನವರೊಬ್ಬರು ಕೇಳಿದರು. "ನಿಮ್ಮ ಮಗ ಈಗ ಎಲ್ಲಿದ್ದಾನೆ ಎಂದು ನಂಬಿದ್ದೀರಿ?"

ಬೆಳಿಗ್ಗೆ ಕೇಳಿದ್ದರೆ ಉತ್ತರ ಬೇರೆ ಇರುತ್ತಿತ್ತು.

ರಾಣಿಯಮ್ಮ ನನ್ನ ಕಡೆ ನೋಡಿದರು. ನಾನು ಗೋಡೆ ನೋಡಿದೆ.

"ಇಲ್ಲ."

ಹುಡುಗಿ ಮೆಲ್ಲಗೆ ವಿಚಾರಿಸಿದಳು. "ಅಮ್ಮ, ಗೊತ್ತಿಲ್ಲ ಅಂತಲಾ?"

"ಗೊತ್ತಿದೆ. ಇಲ್ಲ. ನನ್ನ ಮಗ ಇಲ್ಲ."

ಆ ಹುಡುಗಿಗೆ ಅದನ್ನು ಇಂಗ್ಲಿಷಿನಲ್ಲಿ ಹೇಳಲು ತಡವಾಯಿತು. ಕುಗನ್ ಚೌಕದಲ್ಲಿ ಕಣ್ಣು ಒರೆಸಿಕೊಂಡ. ನಿಜವಾಗಿಯೇ ಅತ್ತ. ಅವನನ್ನು ಪೂರ್ತಿ ಕೆಟ್ಟವನೆನ್ನಲು ನನ್ನಿಂದಾಗದು. ನಿಶಾಂತನ್ ಶಾಲೆಯಲ್ಲಿ ಅವನ ಬೆಂಚಿನವನು. ಅದು ಆಮೇಲೆ ಗೊತ್ತಾಯಿತು.

ರಾಣಿಯಮ್ಮನನ್ನು ನನ್ನ ಮನೆಯಲ್ಲೇ ಇಟ್ಟುಕೊಂಡೆ. ಮಾರನೇ ದಿನ ಭೈರಮ್ಮ ಅಲ್ಲಿಗೆ ಓಡಿಬಂದಳು. ಕೈಯಲ್ಲಿ ಮಗಳ ಮೊಬೈಲು.

"ಕುಸುಮಾ, ಇದೆಂತ ಮಾರಾಯ್ತಿ? ರಾಣಿಯಮ್ಮ ವಾಟ್ಸಾಪಲ್ಲಿ ಬಂದಿದ್ದಾಳಲ್ಲೇ!"

ನೋಡಿದೆ. ಅದೇ ಸಾಕ್ಷಿ. ಮುಖ ಪೂರ್ತಿ. ಹೆಸರು ಪೂರ್ತಿ. ಕೆಳಗೆ ಊರು ಕೂಡ! ಫೋನ್ ಮಾಡಿದೆ.

"ಕುಗನ್! ಮುಖ ಮಸುಕು ಮಾಡ್ತೀವಿ ಅಂದಿದ್ರಿ!"

"ಕಮಿಟಿ ತೀರ್ಮಾನ, ಮೇಡಮ್... ಮುಖವಿಲ್ಲದ ತಾಯಿಯನ್ನ ಯಾರೂ ಶೇರ್ ಮಾಡಲ್ಲ."

"ಆಕೆಗೆ ಕಾಗದ ಇಲ್ಲ ಅಂತ ಗೊತ್ತಿತ್ತಲ್ಲ ನಿಮಗೆ?"

ಅವನಿಗೆ ಗೊತ್ತಿತ್ತು.

ಆ ವಾರದಲ್ಲೇ ಪೊಲೀಸರು ಬಂದರು. ಜೋರು ಮಾಡಲಿಲ್ಲ. ಕಾಯಿದೆ ಕಾಯಿದೆಯೇ. ವೀಸಾ ಇಲ್ಲದ ವಿದೇಶಿ. ತಮಿಳುನಾಡಿನ ಕ್ಯಾಂಪಿಗೆ ಒಪ್ಪಿಸುವವರೆಗೆ ಬೆಂಗಳೂರಿನ ಕಡೆ ಎಲ್ಲೋ ಇಡುತ್ತಾರಂತೆ. ಗಂಗಾಂಬಿಕೆ ಮೇಡಮ್ ಅರ್ಜಿ ಹಿಡಿದು ಓಡಾಡಿದರು. ಇನ್ನೂ ಓಡಾಡುತ್ತಿದ್ದಾರೆ.

ವ್ಯಾನು ಹತ್ತುವಾಗ ಭೈರಮ್ಮ ಒಂದು ಪಂಚೆಯಲ್ಲಿ ಬಟ್ಟೆ ಗಂಟು ಕಟ್ಟಿ ಕೊಟ್ಟಳು. ರಾಣಿಯಮ್ಮ ಅವಳನ್ನು ತಬ್ಬಿಕೊಂಡರು. ಆಮೇಲೆ ನನ್ನನ್ನು ಹತ್ತಿರ ಕರೆದರು. ಬೈಯುತ್ತಾರೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

"ಅಲ್ಲಿ ಫೋನ್ ಇಟ್ಕೊಳ್ಳೋಕೆ ಬಿಡ್ತಾರಾ, ಮಗಳೇ?"

"ಗೊತ್ತಿಲ್ಲ ರಾಣಿಯಮ್ಮ. ಯಾಕೆ?"

"ಸುಮ್ನೆ..."

ಅಷ್ಟೇ ಅಂದು ಹತ್ತಿದರು.

ವ್ಯಾನು ಧೂಳೆಬ್ಬಿಸಿ ಹೋದ ಮೇಲೆ ಕುಗನ್ ಫೋನು. ದನಿಯಲ್ಲಿ ಗೆದ್ದವರ ಖುಷಿ. ಆ ಕುರ್ಚಿಯವನ ಮೇಲೆ ವಿಚಾರಣೆ ಶುರುವಾಗುತ್ತದಂತೆ. ಎಷ್ಟೋ ದೇಶಗಳ ಟಿವಿಯಲ್ಲಿ ಬಂತಂತೆ.

"ಇಡೀ ಜಗತ್ತು ಅಮ್ಮನ ಮಾತು ಕೇಳ್ತು, ಮೇಡಮ್!"

"ಹೌದು ಮಾರಾಯ," ಎಂದೆ. "ಮೊದಲು ಮಾತು ಕೇಳ್ತು. ಆಮೇಲೆ ಪಾಸ್‌ಪೋರ್ಟ್ ಕೇಳ್ತು."